ಆಡಿದವರೊಬ್ಬರು, ತೆತ್ತವರೊಬ್ಬರು

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಗಾದೆ ಹೇಳುತ್ತದೆ. ಈ ಗಾದೆಯನ್ನು ಕಟ್ಟಿದ ಹಿರಿಯರ ದೃಷ್ಟಿಯಲ್ಲಿ ಜಗಳವೆಂಬುದು ನಷ್ಟದ ಬಾಬ್ತು. ಅದೇ ಲಾಭದ ಬಾಬ್ತಾಗುವ ಕಾಲವೊಂದು ಬಂದೀತೆಂದು ಅವರು ಎಣಿಸಿರಲಾರರು. ಇಂದಿನ ರಾಜಕೀಯ ವೇದಿಕೆಯ ಮೇಲೆ ಮಾತು ಬಲ್ಲವನೆಂದರೆ ಜಗಳ ಹೂಡಬಲ್ಲವನೆಂದೇ ಅರ್ಥವಾಗಿದೆ. ಎದುರಾಳಿಯನ್ನು ಹೀನಾಯವಾಗಿ ಬೈದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಅಂಕಿ ಅಂಶಗಳನ್ನು ಮುಂದಿಟ್ಟು ಒಂದು ಗಂಟೆ ವಾದಿಸಿದವನ ಹೆಸರು ಒಳಪುಟದಲ್ಲೂ ಕಾಣುವುದಿಲ್ಲ.

ಈ ವಿಷಯದಲ್ಲಿ ನಾಯಕರಿಗೆ ನೀತಿ ಹೇಳಲು ಹೊರಟವರು ಅನೇಕರಿದ್ದಾರೆ. ಅದರಿಂದಾದ ಪ್ರಯೋಜನ ಎಷ್ಟೆಂಬುದು ನಮ್ಮ ಕಣ್ಣೆದುರಿಗೇ ಇದೆ. ಇಲ್ಲಿ ನಾನು ಮಾಡಬೇಕೆಂದಿರುವುದು ಬೇರೆ ಕೆಲಸ. ಹದ ತಪ್ಪಿದ ಮಾತೊಂದು ಬಾಯಿಂದ ಹೊರಬಿದ್ದ ಮೇಲೆ ಎಲ್ಲೆಲ್ಲಿಗೆ ಹೋಯಿತು, ಯಾವ ಮನೆಯ ಗಾಜನ್ನು ಒಡೆಯಿತು, ಯಾರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿತು, ಕೊನೆಗೆ ಆಡಿದವನಿಗೆ ದಕ್ಕಿದ್ದೇನು ಎಂಬ ಜಮಾಖರ್ಚನ್ನು ನೋಡಬೇಕು. ಅಂಥ ಲೆಕ್ಕವೊಂದು ಆದಿಯಿಂದ ಇತ್ತೀಚಿನವರೆಗೆ ಒಂದೇ ಕಡೆ ಸಿಗುವುದು ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ.

ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಹೋದ ನಮ್ಮ ಕೃಷ್ಣೆ ವಿಜಯವಾಡದ ಪ್ರಕಾಶಂ ಬ್ಯಾರೇಜನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಇಬ್ರಾಹಿಂಪಟ್ನಂ ಎಂಬ ಊರನ್ನು ಹಾಯುತ್ತಾಳೆ. ಪಟ್ಟಿಸೀಮೆಯಿಂದ ಎತ್ತಿ ತಂದ ಗೋದಾವರಿಯ ನೀರು ಕೃಷ್ಣೆಯನ್ನು ಕೂಡುವುದೂ ಇಲ್ಲಿಯೇ. ಪಕ್ಕದಲ್ಲಿ ಮರದ ಗೊಂಬೆಗಳಿಗೆ ಹೆಸರಾದ ಕೊಂಡಪಲ್ಲಿ. ಅದರ ಮಗ್ಗುಲಲ್ಲಿ ನಾರ್ಲ ತಾತಾರಾವ್ ಅವರ ಹೆಸರಿನ ದೊಡ್ಡ ಉಷ್ಣವಿದ್ಯುತ್ ಸ್ಥಾವರ. ಹೈದರಾಬಾದಿನಿಂದ ವಿಜಯವಾಡಕ್ಕೆ ಬಸ್ಸಿನಲ್ಲಿ ಹೋಗುವ ಕನ್ನಡಿಗರು ಈ ಊರನ್ನು ಕಿಟಕಿಯಿಂದ ಕಂಡೇ ಕಂಡಿರುತ್ತಾರೆ. ಅಂದಿನ ಆಡಳಿತ ಪಕ್ಷವಾದ ವೈ.ಎಸ್.ಆರ್. ಕಾಂಗ್ರೆಸ್ಸಿನ ಶಾಸಕ ಜೋಗಿ ರಮೇಶ್ ಅವರ ಮನೆ ಇರುವುದು ಇಲ್ಲಿ. 2021ರಲ್ಲಿ ಅವರು ಪೆಡನ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದರು.

ಆ ವರ್ಷದ ಸೆಪ್ಟೆಂಬರ್ 16ರಂದು ಗುಂಟೂರು ಜಿಲ್ಲೆಯ ನಕರಿಕಲ್ಲಿನಲ್ಲಿ ಮಾಜಿ ಸ್ಪೀಕರ್ ಕೋಡೆಲ ಶಿವಪ್ರಸಾದರಾವ್ ಅವರ ಎರಡನೆಯ ಪುಣ್ಯತಿಥಿಯ ಸಭೆ ನಡೆಯಿತು. ವಿಶಾಖಪಟ್ಟಣ ಜಿಲ್ಲೆಯ ನರ್ಸೀಪಟ್ನದ ಹಿರಿಯ ತೆಲುಗುದೇಶಂ ನಾಯಕ, ಮಾಜಿ ಮಂತ್ರಿ ಚಿಂತಕಾಯಲ ಅಯ್ಯನ್ನಪಾತ್ರುಡು ಅವರು ಅಲ್ಲಿ ಮುಖ್ಯಮಂತ್ರಿ ಜಗನ್‌ಮೋಹನ ರೆಡ್ಡಿಯವರನ್ನೂ ಅವರ ಮಂತ್ರಿಗಳನ್ನೂ ಹಳಿದು ಮಾತನಾಡಿದರು. ಸತ್ತವರ ಸ್ಮರಣೆಗೆಂದು ಕೂಡಿದ ಸಭೆ ಬದುಕಿರುವವರ ಬೈಗುಳದಲ್ಲಿ ಮುಗಿಯಿತು. ಮರುದಿನ ಜೋಗಿ ರಮೇಶ್ ತಮ್ಮ ಹಿಂಬಾಲಕರೊಡನೆ ಉಂಡವಲ್ಲಿಯಲ್ಲಿರುವ ವಿರೋಧ ಪಕ್ಷದ ನಾಯಕ ಚಂದ್ರಬಾಬು ನಾಯ್ಡು ಅವರ ಮನೆಗೆ ನಡೆದರು. ಕ್ಷಮೆ ಕೇಳಿಸಬೇಕೆಂಬುದು ಅವರ ಬೇಡಿಕೆ. ಎರಡೂ ಕಡೆಯವರು ಕೈ ಮಿಲಾಯಿಸಿದರು, ಕಾರಿನ ಗಾಜುಗಳು ಪುಡಿಯಾದವು. ಎದುರುಬದುರು ದೂರುಗಳು ದಾಖಲಾದವು. ಮಾತನಾಡಿದ್ದು ಒಬ್ಬರು, ಗುಂಪು ಹೋದದ್ದು ಇನ್ನೊಬ್ಬರ ಬಾಗಿಲಿಗೆ ಎಂಬುದನ್ನು ವಾಚಕರು ಗಮನಿಸಬೇಕು.

ಇದು ಪೀಠಿಕೆ ಮಾತ್ರ. ಒಂದು ತಿಂಗಳು ಕಳೆದು ಅಕ್ಟೋಬರಿನಲ್ಲಿ ವಿಶಾಖಪಟ್ಟಣದ ಗುಡ್ಡಗಾಡಿನ ಗಾಂಜಾ ಬೆಳೆಯ ಪ್ರಶ್ನೆ ಎದ್ದಿತು. ತೆಲುಗುದೇಶಂ ಪಕ್ಷದ ಮಾಜಿ ಮಂತ್ರಿ ನಕ್ಕಾ ಆನಂದಬಾಬು ಈ ಬಗ್ಗೆ ಸರ್ಕಾರದ ಮೇಲೆ ಆರೋಪ ಮಾಡಿದ್ದರು. ಆಧಾರವೇನೆಂದು ಕೇಳಿ ನೋಟೀಸು ಕೊಡಲು ನರ್ಸೀಪಟ್ನದ ಪೊಲೀಸರು ಗುಂಟೂರಿನ ಅವರ ಮನೆಯವರೆಗೆ ಬಂದರು. ಪ್ರಶ್ನೆ ಕೇಳಿದವನ ಬಾಗಿಲಿಗೆ ಪೊಲೀಸರನ್ನು ಕಳಿಸುವುದು ಸರಿಯೆ ಎಂದು ವಿರೋಧ ಪಕ್ಷ ಗಟ್ಟಿಯಾಗಿ ಕೇಳಬಹುದಿತ್ತು. ಕೇಳಿದ್ದರೆ ಸರ್ಕಾರ ಉತ್ತರ ಹೇಳಲೇಬೇಕಾಗುತ್ತಿತ್ತು. ಆದರೆ 19ನೆಯ ತಾರೀಖು ಪಕ್ಷದ ವಕ್ತಾರ ಕೊಮ್ಮಾರೆಡ್ಡಿ ಪಟ್ಟಾಭಿರಾಮ್ ಪತ್ರಿಕಾಗೋಷ್ಠಿಯಲ್ಲಿ ಮುಖ್ಯಮಂತ್ರಿಯನ್ನು ಕುರಿತು ಒಂದು ಕೀಳು ಪದವನ್ನು ಮತ್ತೆ ಮತ್ತೆ ಬಳಸಿದರು. ಅದನ್ನು ಇಲ್ಲಿ ಅಚ್ಚು ಮಾಡುವ ಅಗತ್ಯವಿಲ್ಲ. ಆ ಗಳಿಗೆಗೆ ಗಾಂಜಾದ ಮಾತು ಮುಗಿಯಿತು, ಆ ಪದದ ಮಾತು ಮೊದಲಾಯಿತು.

ಅದೇ ಸಂಜೆ ಮಂಗಳಗಿರಿಯಲ್ಲಿರುವ ತೆಲುಗುದೇಶಂ ಕೇಂದ್ರ ಕಚೇರಿಗೆ ಗುಂಪು ನುಗ್ಗಿ ಪೀಠೋಪಕರಣ, ವಾಹನಗಳನ್ನು ಧ್ವಂಸ ಮಾಡಿತು. ವಿಜಯವಾಡದಲ್ಲಿ ಪಟ್ಟಾಭಿರಾಮ್ ಅವರ ಮನೆಯ ಮೇಲೂ ದಾಳಿಯಾಯಿತು. ವಿಶಾಖಪಟ್ಟಣವೂ ಸೇರಿದಂತೆ ಬೇರೆ ಊರುಗಳಿಂದಲೂ ಇಂಥ ಸುದ್ದಿಗಳು ಬಂದವು. ಮರುದಿನ ರಾಜ್ಯ ಬಂದ್. ಅದೇ ದಿನ ಪಟ್ಟಾಭಿರಾಮ್ ಬಂಧನ. 21ರಿಂದ 36 ಗಂಟೆಗಳ ಕಾಲ ಒಡೆದ ಕಚೇರಿಯಲ್ಲೇ ಚಂದ್ರಬಾಬು ಅವರ ದೀಕ್ಷೆ. ಅದಕ್ಕೆ ಪ್ರತಿಯಾಗಿ ಆಡಳಿತ ಪಕ್ಷದ ‘ಜನಾಗ್ರಹ ದೀಕ್ಷೆ’. 25ರಂದು ದಿಲ್ಲಿಯಲ್ಲಿ ರಾಷ್ಟ್ರಪತಿಗಳಿಗೆ ದೂರು, ರಾಷ್ಟ್ರಪತಿ ಆಡಳಿತಕ್ಕೆ ಒತ್ತಾಯ. ಒಂದು ಪದ ಒಂದು ವಾರದಲ್ಲಿ ರಾಷ್ಟ್ರಪತಿ ಭವನವನ್ನು ಮುಟ್ಟಿತು! ಈ ನಡುವೆ ಆ ಪದಕ್ಕೆ ನಿಜವಾಗಿ ಅಷ್ಟು ಕೆಟ್ಟ ಅರ್ಥವಿದೆಯೇ ಎಂದು ನಿಘಂಟು ತಿರುವಿದವರೂ ಇದ್ದರು. ಬೈಗುಳಕ್ಕೆ ಅರ್ಥ ಬರುವುದು ನಿಘಂಟಿನಿಂದಲ್ಲ, ಆಡುವವನ ಮುಖದಿಂದ ಮತ್ತು ಕೇಳುವವನ ಕರುಳಿನಿಂದ ಎಂಬುದು ಹಳ್ಳಿಯ ಹುಡುಗನಿಗೂ ಗೊತ್ತು.

ಮುಖ್ಯಮಂತ್ರಿಗಳು ಈ ಬೆಂಕಿಗೆ ನೀರು ಹಾಕಬಹುದಿತ್ತು. ಬೈಸಿಕೊಂಡವರು ಅವರೇ ಆದುದರಿಂದ ಆ ಸಂದರ್ಭದಲ್ಲಿ ನೈತಿಕ ಬಲವೆಲ್ಲ ಅವರ ಕಡೆಗೇ ಇತ್ತು. ಆದರೆ ತಮ್ಮನ್ನು ಪ್ರೀತಿಸುವವರು ಬೈಗುಳ ಕೇಳಲಾರದೆ ರಕ್ತದೊತ್ತಡ ಏರಿ ಪ್ರತಿಕ್ರಿಯಿಸಿದರು ಎಂಬರ್ಥದ ಮಾತನ್ನು ಅವರು ಬಹಿರಂಗವಾಗಿ ಆಡಿದರು. ಇದರಲ್ಲಿ ಒಂದಾದರೂ ಕೀಳು ಪದವಿಲ್ಲ. ವ್ಯಾಕರಣವೂ ಶುದ್ಧ, ಮರ್ಯಾದೆಯೂ ಶುದ್ಧ. ಆದರೂ ನನ್ನ ಮಟ್ಟಿಗೆ ಇದು ವಕ್ತಾರರ ಬೈಗುಳಕ್ಕಿಂತ ಹೆಚ್ಚು ಹೊಣೆಗೇಡಿಯಾದ ಮಾತು. ಏಕೆಂದರೆ ವಕ್ತಾರರ ಕೈಯಲ್ಲಿ ಮೈಕು ಮಾತ್ರ ಇತ್ತು, ಮುಖ್ಯಮಂತ್ರಿಯ ಕೈಯಲ್ಲಿ ಪೊಲೀಸ್ ಇಲಾಖೆ ಇತ್ತು. ಕಲ್ಲು ತೂರಿದವನಿಗೆ ಪ್ರೀತಿಯ ಹೆಸರು ಕೊಟ್ಟರೆ ಮುಂದಿನ ಕಲ್ಲಿಗೆ ಪರವಾನಗಿ ಕೊಟ್ಟಂತೆಯೇ ಸರಿ. ಹೊಣೆಗೇಡಿ ಮಾತೆಂದರೆ ಹೊಲಸು ಮಾತು ಮಾತ್ರವೆಂದು ನಾವು ತಿಳಿದಿರುವುದು ತಪ್ಪು. ಅಧಿಕಾರಸ್ಥನ ಸಭ್ಯ ವಾಕ್ಯವೊಂದು ಅದಕ್ಕಿಂತ ಹೆಚ್ಚಿನ ಹಾನಿ ಮಾಡಬಲ್ಲದು.

ಕಳೆದುಹೋದ ಗಾಂಜಾದ ಪ್ರಶ್ನೆ ಏನಾಯಿತು? ಅದು ಪೊಳ್ಳು ಪ್ರಶ್ನೆಯಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಆಂಧ್ರದ ಪೊಲೀಸರೇ ‘ಆಪರೇಷನ್ ಪರಿವರ್ತನ’ ಎಂಬ ಹೆಸರಿನಲ್ಲಿ ವಿಶಾಖದ ಗುಡ್ಡಗಳಿಗೆ ಹತ್ತಿ ಸಾವಿರಾರು ಎಕರೆ ಗಾಂಜಾ ಬೆಳೆಯನ್ನು ಕಿತ್ತುಹಾಕಿದರು. 2022ರ ಫೆಬ್ರವರಿ 12ರಂದು ಅನಕಾಪಲ್ಲಿಯ ಬಳಿಯ ಕೋಡೂರಿನಲ್ಲಿ ಸುಮಾರು 2 ಲಕ್ಷ ಕಿಲೋ ಗಾಂಜಾವನ್ನು ಸುಟ್ಟರು. ಈ ಬೆಳೆ ಒಂದು ಸರ್ಕಾರದ ಕಾಲದಲ್ಲಿ ಹುಟ್ಟಿದ್ದಲ್ಲ, ಎಷ್ಟೋ ವರ್ಷಗಳಿಂದ ಬೇರು ಬಿಟ್ಟದ್ದು. ಗುಡ್ಡದ ಗಿರಿಜನರು ಬೇರೆ ದಾರಿಯಿಲ್ಲದೆ ಬೆಳೆದರು, ದೂರದ ಪಟ್ಟಣಗಳ ವ್ಯಾಪಾರಿಗಳು ಲಾಭ ತಿಂದರು. ಇದಕ್ಕೆ ಯಾವ ಯಾವ ಸರ್ಕಾರಗಳು ಕಣ್ಣು ಮುಚ್ಚಿಕೊಂಡವು, ಕಿತ್ತುಹಾಕಿದ ಹೊಲದಲ್ಲಿ ಗಿರಿಜನರು ಮುಂದೆ ಏನು ಬೆಳೆಯಬೇಕು ಎಂಬುವು ಶಾಸನಸಭೆ ವಾರಗಟ್ಟಲೆ ಚರ್ಚಿಸಬೇಕಾದ ವಿಷಯಗಳು. ಆದರೆ 2021ರ ಅಕ್ಟೋಬರಿನ ನೆನಪು ಯಾರಿಗಾದರೂ ಉಳಿದಿದ್ದರೆ ಅದು ಆ ಒಂದು ಪದದ ನೆನಪು. ಹೊಣೆಗೇಡಿ ಮಾತಿಗೆ ಮೊದಲು ಬಲಿಯಾಗುವುದು ಎದುರಾಳಿಯ ಮಾನವಲ್ಲ, ತಾನೇ ಎತ್ತಿದ ಪ್ರಶ್ನೆ.

ಎರಡನೆಯ ಬಲಿ ಮನೆಯ ಹೆಂಗಸರು. ಮುಂದಿನ ತಿಂಗಳು, ನವೆಂಬರ್ 19ರಂದು, ಸದನದಲ್ಲಿ ತಮ್ಮ ಪತ್ನಿಯ ಶೀಲವನ್ನು ಕುರಿತು ಆಡಳಿತ ಪಕ್ಷದವರು ಅವಹೇಳನ ಮಾಡಿದರೆಂದು ಆರೋಪಿಸಿ ಚಂದ್ರಬಾಬು ಹೊರನಡೆದರು. ಮುಖ್ಯಮಂತ್ರಿಯಾಗಿಯೇ ಹಿಂದಿರುಗುವೆನೆಂದು ಶಪಥ ಮಾಡಿ, ಪತ್ರಕರ್ತರ ಮುಂದೆ ಕಣ್ಣೀರು ಹಾಕಿದರು. ಹಾಗೇನೂ ಅಂದಿಲ್ಲವೆಂದು ಆಡಳಿತ ಪಕ್ಷ ವಾದಿಸಿತು. ಒಂದಂತೂ ಸ್ಪಷ್ಟ: ರಾಜಕೀಯದಲ್ಲಿ ಹೊಡೆದಾಡುವವರು ಗಂಡಸರು, ಅವರ ನಾಲಿಗೆ ಆಯುಧವಾಗಿ ಹಿಡಿಯುವುದು ತಾಯಿ, ಹೆಂಡತಿ, ಮಗಳ ಹೆಸರನ್ನು. ತೆಲುಗಿನ ಬೈಗುಳವಾಗಲಿ ಕನ್ನಡದ ಬೈಗುಳವಾಗಲಿ, ಅದರ ಬುಡದಲ್ಲಿ ಯಾವ ಚುನಾವಣೆಗೂ ನಿಲ್ಲದ ಒಬ್ಬ ಹೆಣ್ಣು ಮಗಳಿರುತ್ತಾಳೆ.

ಮೂರನೆಯ ಬಲಿ ಸಣ್ಣ ಮನುಷ್ಯ. 2023ರ ಫೆಬ್ರವರಿ 20ರಂದು ಗನ್ನವರಂನಲ್ಲಿ ಮತ್ತದೇ ನಾಟಕ. ಅಲ್ಲಿನ ಶಾಸಕ ವಲ್ಲಭನೇನಿ ವಂಶಿ ಅವರಿಗೂ ತೆಲುಗುದೇಶಂನವರಿಗೂ ಮಾತಿಗೆ ಮಾತು ಬೆಳೆದು, ಪಕ್ಷದ ಕಚೇರಿಯ ಮೇಲೆ ದಾಳಿಯಾಗಿ ವಾಹನಗಳಿಗೆ ಬೆಂಕಿ ಬಿತ್ತು. ದೂರು ಕೊಟ್ಟವನು ಆ ಕಚೇರಿಯ ಕಂಪ್ಯೂಟರ್ ಆಪರೇಟರ್. ಎರಡು ವರ್ಷಗಳ ನಂತರ, ಸರ್ಕಾರ ಬದಲಾದ ಮೇಲೆ, ಆ ಯುವಕನನ್ನು ಅಪಹರಿಸಿ ಬೆದರಿಸಿ ದೂರು ಹಿಂತೆಗೆಸಿದರೆಂಬ ಆರೋಪದ ಮೇಲೆ ವಂಶಿ ಅವರನ್ನು 2025ರ ಫೆಬ್ರವರಿ 13ರಂದು ಹೈದರಾಬಾದಿನಲ್ಲಿ ಬಂಧಿಸಲಾಯಿತು. ಆರೋಪದ ಸತ್ಯಾಸತ್ಯವನ್ನು ನ್ಯಾಯಾಲಯ ನಿರ್ಧರಿಸಬೇಕು. ಆದರೆ ದೊಡ್ಡವರ ಬಾಯಿಜಗಳದಲ್ಲಿ ಸಂಬಳಕ್ಕೆ ದುಡಿಯುವ ಒಬ್ಬ ಗುಮಾಸ್ತ ಎರಡು ಪಕ್ಷಗಳ ನಡುವೆ ಸಿಕ್ಕಿಬಿದ್ದದ್ದು ನಿಜ. ಮಂಗಳಗಿರಿಯ ಪ್ರಕರಣಕ್ಕೂ 2024ರಲ್ಲಿ ಮತ್ತೆ ಜೀವ ಬಂದು ಮಾಜಿ ಸಂಸದ ನಂದಿಗಾಂ ಸುರೇಶ್ ಬಂಧನಕ್ಕೊಳಗಾದರು. ನಾಯಕರಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ವಕೀಲರಿರುತ್ತಾರೆ. ಅವರ ಹಿಂದೆ ಕೂಗಿಕೊಂಡು ಹೋದ ಕೂಲಿಯವನಿಗೆ, ಆಟೋ ಓಡಿಸುವವನಿಗೆ ತಾಲ್ಲೂಕು ಕೋರ್ಟಿನ ವಾಯಿದೆಗೆ ಹೋಗುವ ದಿನ ಸಂಪಾದನೆಯೇ ಇಲ್ಲ.

ಈಗ ಜಮೆಯ ಪಟ್ಟಿಯನ್ನು ನೋಡೋಣ. ಉಂಡವಲ್ಲಿಗೆ ಗುಂಪು ಕೊಂಡೊಯ್ದ ಇಬ್ರಾಹಿಂಪಟ್ನದ ಜೋಗಿ ರಮೇಶ್ ಅವರು 2022ರ ಏಪ್ರಿಲ್‌ನಲ್ಲಿ ವಸತಿ ಮಂತ್ರಿಗಳಾದರು. ನಕರಿಕಲ್ಲಿನ ಭಾಷಣಕಾರ ಅಯ್ಯನ್ನಪಾತ್ರುಡು ಅವರು 2024ರ ಜೂನ್ 22ರಂದು ವಿಧಾನಸಭೆಯ ಸ್ಪೀಕರ್ ಆಗಿ ಅವಿರೋಧವಾಗಿ ಆಯ್ಕೆಯಾದರು. ಸದಸ್ಯರ ಅಸಭ್ಯ ಮಾತುಗಳನ್ನು ಕಡತದಿಂದ ತೆಗೆದುಹಾಕಿಸುವ ಅಧಿಕಾರ ಈಗ ಅವರದು. ಒಂದು ಪದದಿಂದ ರಾಜ್ಯವನ್ನೇ ಅಲುಗಾಡಿಸಿದ ಪಟ್ಟಾಭಿರಾಮ್ ಅವರಿಗೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವಚ್ಛ ಆಂಧ್ರ ನಿಗಮದ ಅಧ್ಯಕ್ಷ ಪದವಿ ಬಂತು. ಆ ನಿಗಮಕ್ಕೆ ವಹಿಸಿರುವುದು ಬೀದಿಯ ಸ್ವಚ್ಛತೆ ಮಾತ್ರ, ನುಡಿಯದಲ್ಲ ಎಂದು ಸಮಾಧಾನ ಹೇಳಿಕೊಳ್ಳಬೇಕು. ಇವರಲ್ಲಿ ಯಾರಿಗೂ ಆ ಪದವಿಗಳ ಯೋಗ್ಯತೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಆಡಿದ ಮಾತು ಯಾವ ಪಕ್ಷದಲ್ಲಿಯೂ ಪದವಿಗೆ ಅಡ್ಡಿಯಾಗಲಿಲ್ಲ ಎಂಬುದಷ್ಟೇ ನನ್ನ ಮಾತು. ನಾಲಿಗೆಯನ್ನು ಹರಿಯಬಿಟ್ಟವನಿಗೆ ಖರ್ಚು ಸೊನ್ನೆ, ಜಮೆ ಪೂರ್ತಿ. ಇಂಥ ವ್ಯಾಪಾರವನ್ನು ಯಾರು ತಾನೇ ಬಿಟ್ಟಾರು?

ಇದಿಷ್ಟೂ ಆಂಧ್ರದವರ ಕಥೆ, ನಮ್ಮದೇನು ಎಂದು ಹೊರನಾಡ ಕನ್ನಡಿಗರು ಬೀಗುವಂತಿಲ್ಲ. ಸಂದರ್ಭವರಿತು ಮಾತಾಡಬಲ್ಲವರೆಂದು ಕವಿರಾಜಮಾರ್ಗಕಾರ ಒಂಬತ್ತನೆಯ ಶತಮಾನದಲ್ಲೇ ನಮ್ಮ ಜನರನ್ನು ಮೆಚ್ಚಿದ್ದಾನೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಅದನ್ನು ತಪ್ಪದೆ ನೆನೆಯುತ್ತೇವೆ. ಮಂಗಳಗಿರಿಯಲ್ಲಿ ಗಾಜು ಒಡೆದ ಎರಡೇ ತಿಂಗಳಿಗೆ, 2021ರ ಡಿಸೆಂಬರ್ 16ರಂದು, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಏನಾಯಿತು? ಮಳೆ ಹಾನಿಯ ಚರ್ಚೆಗೆ ಎಲ್ಲರೂ ಸಮಯ ಕೇಳುತ್ತಿದ್ದರು. ಮಾಜಿ ಸ್ಪೀಕರ್ ರಮೇಶ್ ಕುಮಾರ್ ಅವರು ಗದ್ದಲದ ನಡುವೆ ಸ್ಪೀಕರರ ಅಸಹಾಯಕತೆಯನ್ನು ವರ್ಣಿಸಲು ಅತ್ಯಾಚಾರವನ್ನು ಕುರಿತ ಒಂದು ಹೇಯವಾದ ಉಕ್ತಿಯನ್ನು ಬಳಸಿದರು. ಸದನ ನಕ್ಕಿತು, ಪೀಠವೂ ನಕ್ಕಿತು. ಮರುದಿನ ಅವರು ಕ್ಷಮೆ ಕೇಳಿದರು. ಆದರೆ ಬೆಳೆ ಕಳೆದುಕೊಂಡ ರೈತನ ಪಾಡು ಪತ್ರಿಕೆಗಳ ಮೊದಲ ಪುಟದಿಂದ ಜಾರಿಹೋಯಿತು. ಇಲ್ಲಿಯೂ ಹೆಣ್ಣಿನ ನೋವು ಗಂಡಸರ ಹಾಸ್ಯಕ್ಕೆ ಉಪಮಾನ. ಇಲ್ಲಿಯೂ ಪ್ರಶ್ನೆಯೇ ಬಲಿ. ಸಂಸ್ಕೃತ, ಕನ್ನಡ, ಕಾನೂನು ಎಲ್ಲವನ್ನೂ ಅರೆದು ಕುಡಿದಂತೆ ಮಾತನಾಡುವವರು ಹೀಗೆ ಎಡವಿದರೆಂದ ಮೇಲೆ ವಿದ್ಯೆ ಇದಕ್ಕೆ ಮದ್ದಲ್ಲವೆಂದು ಒಪ್ಪಬೇಕಾಗುತ್ತದೆ.

ಮೂರು ವರ್ಷ ಕಳೆದು ಅದೇ ಸೌಧದಲ್ಲಿ, 2024ರ ಡಿಸೆಂಬರ್ 19ರಂದು, ಅಂಬೇಡ್ಕರರ ವಿಷಯದ ಗದ್ದಲದ ಮಧ್ಯೆ ವಿಧಾನಪರಿಷತ್ ಸದಸ್ಯ ಸಿ.ಟಿ. ರವಿ ತಮ್ಮನ್ನು ಕೀಳು ಪದದಿಂದ ನಿಂದಿಸಿದರೆಂದು ಮಂತ್ರಿ ಲಕ್ಷ್ಮೀ ಹೆಬ್ಬಾಳ್ಕರ್ ದೂರಿದರು. ಹಾಗೆ ಅಂದೇ ಇಲ್ಲವೆಂದು ರವಿ ನಿರಾಕರಿಸಿದರು. ಸೌಧದೊಳಗೇ ಅವರ ಮೇಲೆ ಗುಂಪು ಏರಿಹೋಗಲು ಯತ್ನಿಸಿತು; ಸಂಜೆ ಬಂಧನ, ಮರುದಿನ ಹೈಕೋರ್ಟಿನಿಂದ ಬಿಡುಗಡೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವಕ್ಕೆ ಆಗ ಒಂದೇ ವಾರ ಉಳಿದಿತ್ತು. ಯಾರು ಏನೆಂದರು ಎಂಬುದು ಹಾಗಿರಲಿ. ಸಂವಿಧಾನಶಿಲ್ಪಿಯ ವಿಷಯದಲ್ಲಿ ಎರಡು ಪಕ್ಷಗಳಿಗೂ ಹೇಳಲು ಇದ್ದದ್ದೇನು ಎಂಬುದು ಆ ದಿನದ ಕಡತದಲ್ಲಿ ಎಲ್ಲಿ ಸಿಕ್ಕೀತು?

ಕಾನೂನು ಇದನ್ನು ಸರಿಪಡಿಸಲಾರದೆ ಎಂದು ಕೆಲವರು ಕೇಳಬಹುದು. ಕಾನೂನಿನ ನಡೆ ವಿಚಿತ್ರ. 2019ರ ಏಪ್ರಿಲ್ 13ರಂದು ಕೋಲಾರದಲ್ಲಿ ರಾಹುಲ್ ಗಾಂಧಿ ಮೋದಿ ಎಂಬ ಅಡ್ಡಹೆಸರಿನ ಬಗ್ಗೆ ಆಡಿದ ಮಾತಿಗೆ ಗುಜರಾತಿನ ಸೂರತ್ ನ್ಯಾಯಾಲಯ 2023ರ ಮಾರ್ಚ್ 23ರಂದು ಎರಡು ವರ್ಷದ ಶಿಕ್ಷೆ ವಿಧಿಸಿತು. ಮರುದಿನ ಅವರ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟ ಮೇಲೆ ಹಿಂದಿರುಗಿತು. ಅದಕ್ಕಿಂತ ಎಷ್ಟೋ ಪಾಲು ಉರಿಮಾತನ್ನಾಡಿದವರು ದೇಶದ ತುಂಬ ನಿಶ್ಚಿಂತರಾಗಿದ್ದಾರೆ. ಕಾನೂನಿನ ಕೈ ಕೆಲವರಿಗೆ ಉದ್ದ, ಕೆಲವರಿಗೆ ಮೊಂಡು. ಪೊಲೀಸರ ಕೈಗೆ ಕೊಟ್ಟ ಅಸ್ತ್ರ ಆಳುವವರ ಕೈಗೇ ಹೋಗುತ್ತದೆ ಎಂಬುದಕ್ಕೆ ನಕ್ಕಾ ಆನಂದಬಾಬು ಅವರ ಮನೆಬಾಗಿಲಿಗೆ ಬಂದ ನೋಟೀಸೇ ಸಾಕ್ಷಿ.

ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಜನವರಿ 3ರಂದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿತು. ಅಬ್ದುಲ್ ನಜೀರ್, ಎ.ಎಸ್. ಬೋಪಣ್ಣ, ಬಿ.ವಿ. ನಾಗರತ್ನ, ಈ ಮೂವರೂ ಕರ್ನಾಟಕ ಹೈಕೋರ್ಟಿನಿಂದ ಹೋದವರು. ಸಂವಿಧಾನದ 19(2)ನೆಯ ವಿಧಿಯಲ್ಲಿರುವ ನಿರ್ಬಂಧಗಳೇ ಸಾಕು, ಹೊಸವನ್ನು ಸೇರಿಸುವಂತಿಲ್ಲ ಎಂದು ಪೀಠ ಹೇಳಿತು. ಮಂತ್ರಿಯೊಬ್ಬನ ಮಾತಿಗೆ ಇಡೀ ಸರ್ಕಾರವನ್ನು ಹೊಣೆ ಮಾಡುವಂತಿಲ್ಲ ಎಂದು ನಾಲ್ವರು ತೀರ್ಪಿತ್ತರು. ನಾಗರತ್ನ ಅವರು ಮಾತ್ರ ಬೇರೆಯಾಗಿ ಬರೆದರು: ಮಂತ್ರಿಯ ಮಾತು ಸರ್ಕಾರದ ನಿಲುವೂ ಆಗಿದ್ದರೆ ಸರ್ಕಾರ ಹೊಣೆ ಹೊರಬೇಕು, ತಮ್ಮವರ ಮಾತಿಗೆ ಕಡಿವಾಣ ಹಾಕಲು ಪಕ್ಷಗಳು ನೀತಿಸಂಹಿತೆ ಮಾಡಿಕೊಳ್ಳಬೇಕು ಎಂಬುದು ಅವರ ಅಭಿಪ್ರಾಯ. ಮರುತಿಂಗಳು ನಜೀರ್ ಅವರು ಆಂಧ್ರಪ್ರದೇಶದ ರಾಜ್ಯಪಾಲರಾಗಿ ವಿಜಯವಾಡಕ್ಕೇ ಬಂದರು! ನ್ಯಾಯಾಲಯ ತನ್ನ ಮಿತಿಯನ್ನು ತಿಳಿದು ನಡೆಯಿತು. ಚೆಂಡು ಈಗ ಪಕ್ಷಗಳ ಅಂಗಳದಲ್ಲಿದೆ. ಆದರೆ ಬೈದವನಿಗೆ ಟಿಕೆಟ್ಟು ಕೊಟ್ಟರೆ ಚಪ್ಪಾಳೆ ಬೀಳುವವರೆಗೆ ಯಾವ ಪಕ್ಷ ತಾನೇ ಆ ಸಂಹಿತೆಯನ್ನು ಪಾಲಿಸೀತು?

ಅಲ್ಲಿಗೆ ವಿಷಯ ನಮ್ಮ ಬಳಿಗೇ ಬಂತು. ಕಟುವಾದ ಮಾತೆಲ್ಲ ಹೊಣೆಗೇಡಿ ಮಾತಲ್ಲ. ಏಕವಚನವೇ ಅಪರಾಧವೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ದೇವರನ್ನೂ ಏಕವಚನದಲ್ಲೇ ಕರೆಯುತ್ತೇವೆ. 1967ರಲ್ಲಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದ ಜೆ.ಎಚ್. ಪಟೇಲರ ವ್ಯಂಗ್ಯ ಎಷ್ಟು ಮೊನಚಾಗಿರುತ್ತಿತ್ತೆಂಬುದು ಹಿರಿಯರಿಗೆ ನೆನಪಿದೆ. ಅದು ಎದುರಾಳಿಯ ವಾದಕ್ಕೆ ಚುಚ್ಚುತ್ತಿತ್ತು, ಚುಚ್ಚಿಸಿಕೊಂಡವನೂ ನಗುತ್ತಿದ್ದ. ಮಾತನ್ನು ಅಳೆಯಲು ಮೂರು ಪ್ರಶ್ನೆ ಸಾಕು. ಈ ಮಾತು ಎದುರಾಳಿಯ ಕೆಲಸವನ್ನು ಕುರಿತದ್ದೋ, ಅವನ ಹುಟ್ಟನ್ನೋ? ಇದಕ್ಕೆ ಉತ್ತರವನ್ನು ಮಾತಿನಲ್ಲಿ ಕೊಡಲು ಸಾಧ್ಯವೋ, ಕಲ್ಲಿನಲ್ಲಿ ಮಾತ್ರವೋ? ಆಡಿದವನು ಇದರ ಫಲವನ್ನು ತಾನೇ ಉಣ್ಣುವನೋ, ಬೇರೆಯವರಿಗೆ ಬಡಿಸುವನೋ? ನಕರಿಕಲ್ಲು, ಮಂಗಳಗಿರಿ, ಬೆಳಗಾವಿಗಳ ಮಾತುಗಳನ್ನು ಈ ಮೂರರಲ್ಲಿ ತೂಗಿದರೆ ತೀರ್ಪು ತಾನಾಗಿಯೇ ಹೊರಬೀಳುತ್ತದೆ.

ನಮ್ಮಂಥ ಸಂಘಗಳು ವರ್ಷಕ್ಕೆ ಎರಡು ಸಲವಾದರೂ ರಾಜಕಾರಣಿಗಳನ್ನು ಮುಖ್ಯ ಅತಿಥಿಗಳಾಗಿ ಕರೆಯುತ್ತವೆ. ಹಾರ ಹಾಕುತ್ತೇವೆ, ಶಾಲು ಹೊದಿಸುತ್ತೇವೆ, ಎದುರಾಳಿಯನ್ನು ಹಳಿದರೆ ಮುಂದಿನ ಸಾಲಿನಲ್ಲಿ ಕುಳಿತು ನಗುತ್ತೇವೆ. ಆ ನಗುವೇ ಅವರ ಮುಂದಿನ ಭಾಷಣಕ್ಕೆ ಬಂಡವಾಳ. ಅವರನ್ನು ಕರೆಯಬಾರದೆಂದು ನಾನು ಹೇಳುವುದಿಲ್ಲ. ಕರೆಯೋಣ, ಬೈಗುಳ ಬಂದಾಗ ಕೈ ಕಟ್ಟಿ ಸುಮ್ಮನೆ ಕೂರೋಣ. ಭಾಷಣ ಮುಗಿದ ಮೇಲೆ ಎದ್ದು, ಬೈಗುಳದ ಅಡಿಯಲ್ಲಿ ಹೂತುಹೋದ ಪ್ರಶ್ನೆಯನ್ನು ವಿನಯದಿಂದಲೇ ಕೇಳೋಣ: ಮಳೆಯಲ್ಲಿ ಕೊಚ್ಚಿಹೋದ ಬೆಳೆಗೆ ಪರಿಹಾರ ಎಷ್ಟು ಬಂತು, ಸ್ವಾಮಿ? ಗಾಂಜಾ ಕಿತ್ತ ಗುಡ್ಡದ ಮೇಲೆ ಈಗ ಏನು ಬೆಳೆಯುತ್ತಿದ್ದಾರೆ?